ಸಿಒ-4 ತೆಗೆದು ಸೂಪರ್ ನೇಪಿಯರ್ ಹಾಕಿದರೆ ಹಾಲು ಜಾಸ್ತಿ ಆಗುತ್ತಾ?

ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು, ಅರ್ಧ ಎಕರೆ ಸಿಒ-4 ಮೇವಿನ ಹುಲ್ಲು, ಹೊಟ್ಟೆ ತುಂಬಾ ಹಸಿರು ಮೇವು, ಆದರೂ ಹಾಲು ಇಳಿಯುತ್ತಿದೆ ಅಂತ ಬರೆದಿದ್ದೀರಿ. ಹುಲ್ಲಿನ ತಳಿ ಬದಲಾಯಿಸಬೇಡಿ. ಸಿಒ-4 ಕೂಡ ನೇಪಿಯರ್ ಮತ್ತು ಸಜ್ಜೆಯ ಸಂಕರ, ಸೂಪರ್ ನೇಪಿಯರ್ ಕೂಡ ಅದೇ. ನಿಮ್ಮ ಹುಲ್ಲು ಕೊಯ್ಯುವಾಗ ಎಷ್ಟು ಎತ್ತರ ಇರುತ್ತದೆ? ಆಳೆತ್ತರ ದಾಟಿದೆ ಅಂದರೆ ನಮ್ಮ ಕೊಟ್ಟಿಗೆಯಲ್ಲಿ ಆಗಿದ್ದೇ ನಿಮ್ಮಲ್ಲೂ ಆಗುತ್ತಿದೆ.

ನಾವು ಕೋಲಾರದ ಕಡೆಯವರು. ಬೋರ್‌ವೆಲ್ ನಂಬಿಕೊಂಡು ನೇಪಿಯರ್ ಕಡ್ಡಿ ನೆಟ್ಟೆವು. ಮೊದಲ ಕೊಯ್ಲು ಚೆನ್ನಾಗಿಯೇ ಬಂತು. ಎರಡನೆಯದಕ್ಕೆ ಒಳ್ಳೇ ಮಳೆ ಸಿಕ್ಕಿತು. ಇನ್ನೂ ಬೆಳೆಯಲಿ, ತೂಕ ಬರಲಿ ಅಂತ ಕೊಯ್ಯದೆ ಬಿಟ್ಟೆ. ಎರಡು ತಿಂಗಳು ದಾಟಿ ಮೂರಕ್ಕೆ ಹತ್ತಿರ ಬಂತು. ಕಬ್ಬಿನ ಗದ್ದೆ ಥರ ನಿಂತಿತ್ತು, ನೋಡಿದವರೆಲ್ಲ ಹೊಗಳಿದರು. ಹೊರೆ ಭಾರವಾಗಿತ್ತು, ನಿಜ. ಆದರೆ ಬೆಳಿಗ್ಗೆ ಗೋದಲಿ ನೋಡಿದರೆ ಗರಿಯೆಲ್ಲ ಖಾಲಿ, ಹೆಬ್ಬೆರಳು ದಪ್ಪದ ದಂಟು ಮಾತ್ರ ಎಂಜಲು ಹತ್ತಿ ಹಾಗೇ ಬಿದ್ದಿರುತ್ತಿತ್ತು.

ಎಳೆಯ ನೇಪಿಯರ್‌ನಲ್ಲಿ ಗರಿ ಜಾಸ್ತಿ, ದಂಟು ಕಡಿಮೆ. ಒಣ ಲೆಕ್ಕದಲ್ಲಿ ಪ್ರೋಟೀನ್ ಶೇ 10ರ ಆಸುಪಾಸು ಇರುತ್ತದೆ. ಬಲಿತರೆ ಶೇ 5-6ಕ್ಕೂ ಇಳಿಯುತ್ತದೆ. ದಂಟಿನಲ್ಲಿ ಲಿಗ್ನಿನ್ ಏರುತ್ತದೆ, ಮರಕ್ಕೆ ಗಟ್ಟಿತನ ಕೊಡುವುದೂ ಅದೇ. ಮೆಲುಕು ಚೀಲದ ಸೂಕ್ಷ್ಮಜೀವಿಗಳಿಗೆ ಅದು ಕರಗುವುದಿಲ್ಲ. ಅಂಥ ಮೇವು ಒಳಗೇ ಕೂತಿರುತ್ತದೆ. ಅದು ಮುಂದೆ ಹೋಗುವವರೆಗೆ ಹಸು ಬೇರೆ ತಿನ್ನಲಾರದು. ಹೊಟ್ಟೆ ತುಂಬಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಹಾಲಿಗೆ ಬೇಕಾದ ಸತ್ವ ಹೋಗಿರುವುದಿಲ್ಲ. ಹಾಗಾಗಿ ಹೊಟ್ಟೆ ತುಂಬಾ ಹಸಿರು ಕೊಡುತ್ತಿದ್ದೇನೆ ಅನ್ನುವ ನಿಮ್ಮ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಹಾಲು ಇಳಿಯಿತು ಅಂತ ನಾನು ಹಿಂಡಿ, ಫೀಡ್ ಏರಿಸಿದೆ. ದುಡ್ಡು ಹೋಗಿದ್ದು ಇಲ್ಲೇ. ಹಾಲು ಸ್ವಲ್ಪ ಏರಿತು, ಫ್ಯಾಟ್ ಬಿತ್ತು. ಡೈರಿಯಲ್ಲಿ 3.5 ಫ್ಯಾಟ್, 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬರದಿದ್ದರೆ ರೇಟು ಸಿಗುವುದಿಲ್ಲ, ಅಲ್ವಾ? ಹಾಲಿನ ಕೊಬ್ಬಿನಲ್ಲಿ ಸುಮಾರು ಅರ್ಧ ಕೆಚ್ಚಲಲ್ಲೇ ತಯಾರಾಗುತ್ತದೆ. ಅದಕ್ಕೆ ಮುಖ್ಯವಾಗಿ ಬೇಕಾದ್ದು ನಾರು ಕರಗಿದಾಗ ಹುಟ್ಟುವ ಅಸಿಟಿಕ್ ಆಮ್ಲ. ನಮ್ಮ ಹಸುಗಳಿಗೆ ನಾರು ಕರಗುತ್ತಿರಲಿಲ್ಲ. ಮೇಲಿಂದ ಫೀಡ್ ಜಾಸ್ತಿಯಾಗಿ ಹೊಟ್ಟೆ ಹುಳಿಯಾಯಿತು, ಮೆಲುಕು ಕಡಿಮೆಯಾಯಿತು, ಸೆಗಣಿ ನೀರಾಗಿ ಅದರಲ್ಲಿ ಜೋಳದ ಚೂರು ಕಾಣತೊಡಗಿತು. ಅದನ್ನು ನೋಡಿದ ಮೇಲೇ ಫೀಡ್ ಇಳಿಸಿದ್ದು.

ಈಗ ನಮ್ಮ ಹೊಲದಲ್ಲಿ ಪಟ್ಟಿಗಳಿವೆ. ನೆಟ್ಟ ಮೇಲೆ ಮೊದಲ ಕೊಯ್ಲು 75-80 ದಿನಕ್ಕೆ, ಆಮೇಲೆ 40-45 ದಿನಕ್ಕೊಮ್ಮೆ. ದಿನಕ್ಕೊಂದು ಪಟ್ಟಿ. ಕೊನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಹದಕ್ಕೆ ಬಂದಿರುತ್ತದೆ. ಒಂದಿಂಚಿನ ಚೂರು ಮಾಡಿಯೇ ಹಾಕುತ್ತೇವೆ.

ಬರೀ ಹುಲ್ಲಿನಿಂದ ಆಗುವುದಿಲ್ಲ. ಬದುವಿಗೆ ಅಗಸೆ ಮರ ಹಾಕಿ, ಅಲಸಂದೆಯನ್ನೋ ಕುದುರೆ ಮೆಂತ್ಯವನ್ನೋ ಬೆಳೆಯಿರಿ. ಹುಲ್ಲು ಎರಡು ಪಾಲು, ದ್ವಿದಳ ಒಂದು ಪಾಲು. ಒಣಮೇವಿಗೆ ಭತ್ತದ ಹುಲ್ಲಿಗಿಂತ ನನಗೆ ರಾಗಿ ಹುಲ್ಲೇ ವಾಸಿ. ಹಸು ಇಷ್ಟಪಟ್ಟು ತಿನ್ನುತ್ತದೆ, ಭತ್ತದ್ದರಲ್ಲಿ ಮರಳಿನಂಥ ಸಿಲಿಕಾ ಜಾಸ್ತಿ. ಮಳೆಗಾಲದಲ್ಲಿ ಉಳಿದ ನೇಪಿಯರ್ ಅನ್ನು ಹೊಲದಲ್ಲಿ ಸುಮ್ನೆ ಬಲಿಯಲು ಬಿಡಬೇಡಿ. ಅರ್ಧ ದಿನ ಬಾಡಿಸಿ, ಬೆಲ್ಲದ ನೀರು ಚಿಮುಕಿಸಿ, ಗಾಳಿಯಾಡದಂತೆ ತುಳಿದು ರಸಮೇವು (ಸೈಲೇಜ್) ಮಾಡಿ.

ನಿಮ್ಮಲ್ಲಿ ಈಗಾಗಲೇ ಬಲಿತು ನಿಂತಿದ್ದರೆ ಎರಡೆರಡು ವಾರ ಬಿಟ್ಟು ಮೂರು ಭಾಗವಾಗಿ ಬುಡದವರೆಗೂ ಕೊಯ್ದುಬಿಡಿ. ಆ ದಂಟನ್ನು ಕರೆಯುವ ಹಸುವಿಗೆ ಹಾಕಬೇಡಿ. ಸಣ್ಣಗೆ ಕತ್ತರಿಸಿ ಹಾಲು ಬತ್ತಿದ ಹಸುವಿಗೆ, ಪಡ್ಡೆಗಳಿಗೆ ಹಾಕಿ. ಕೊಯ್ದ ಬುಡಕ್ಕೆ ಗೊಬ್ಬರ, ನೀರು ಕೊಡಿ. ಹೊಸ ಚಿಗುರು ಬಂದ ಮೇಲೆ ಮೊದಲು ಕೊಯ್ದ ಭಾಗದಿಂದ ಪಟ್ಟಿ ಲೆಕ್ಕ ಶುರು ಮಾಡಿ. ಹೊಸ ಮೇವಿಗೆ ಒಂದೇ ದಿನ ಬದಲಾಯಿಸಬೇಡಿ, ವಾರ ಹತ್ತು ದಿನ ಬೆರೆಸುತ್ತಾ ಹೋಗಿ.