ಎಪ್ಪತ್ತೊಂದು ಲೇಖನ ಸಂಗ್ರಹಿಸಿಯೂ ಬರೆಯಲಾಗದ ಪ್ರಬಂಧ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯಲಾಗಿದೆ.)

ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬರು ನಿದ್ರೆ ಬರುತ್ತಿಲ್ಲವೆಂದು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದರು. ಮಾತು ಮುಂದುವರಿದಂತೆ, ಐದು ವಾರಗಳಲ್ಲಿ ಮೂರು ಸಾವಿರ ಪದಗಳ ಸಂಶೋಧನಾ ಪ್ರಬಂಧವೊಂದನ್ನು ಒಪ್ಪಿಸಬೇಕಾಗಿದೆಯೆಂದೂ, ಎರಡು ತಿಂಗಳಿಂದ ಓದುತ್ತಿದ್ದರೂ ಒಂದು ಸಾಲೂ ಉಳಿದಿಲ್ಲವೆಂದೂ ತಿಳಿಯಿತು. 'ಉಳಿದಿಲ್ಲ' ಎಂಬುದು ಅವರದೇ ಮಾತು. ಪ್ರತಿ ರಾತ್ರಿ ಮೊದಲ ವಾಕ್ಯ ಬರೆಯುತ್ತಿದ್ದರು, ಅಳಿಸುತ್ತಿದ್ದರು, ಇನ್ನೊಂದು ಲೇಖನ ಇಳಿಸಿಕೊಂಡು ಮಲಗುತ್ತಿದ್ದರು. ಹಾಗೆ ಸಂಗ್ರಹವಾದ ಲೇಖನಗಳು 62. ಪ್ರಬಂಧದ ವಿಷಯ ಮೊಬೈಲ್ ಫೋನ್ ಮತ್ತು ಯುವಜನರ ಆರೋಗ್ಯ. ರಾತ್ರಿ ಎರಡರವರೆಗೆ ಪರದೆಯ ಮುಂದೆ ಕುಳಿತು ಅದನ್ನೇ ಓದುತ್ತಿದ್ದೇನೆಂದು ಹೇಳುವಾಗ ಅವರಿಗೇ ನಗು ಬಂತು.

ಮೊದಲ ಭೇಟಿಯಲ್ಲಿ ನಾನು ಎಡವಿದೆ. ಇದು ಕಾಲ ಹೊಂದಿಸಿಕೊಳ್ಳಲಾಗದ ತೊಂದರೆಯೆಂದು ಭಾವಿಸಿ, ದಿನಕ್ಕೆ ಎರಡು ಗಂಟೆ 'ಪ್ರಬಂಧದ ಕೆಲಸ' ಎಂದು ವೇಳಾಪಟ್ಟಿ ಹಾಕಿಕೊಟ್ಟೆ. ಒಂದು ವಾರದ ನಂತರ ಅವರು ಏಳು ದಿನಗಳಿಗೂ ಗುರುತು ಹಾಕಿದ ಪಟ್ಟಿ ತಂದರು. ಲೇಖನಗಳು 71 ಆಗಿದ್ದವು, ಸಾಲು ಮಾತ್ರ ಒಂದೂ ಇರಲಿಲ್ಲ. ಓದುವುದೂ ಪ್ರಬಂಧದ ಕೆಲಸವೇ ಆದ್ದರಿಂದ ಅವರು ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಬರವಣಿಗೆಯಿಂದ ತಪ್ಪಿಸಿಕೊಳ್ಳುವ ದಾರಿಗೆ ನಾನೇ ಸಮಯ ನಿಗದಿ ಮಾಡಿಕೊಟ್ಟಂತಾಗಿತ್ತು.

ಎರಡನೆಯ ಭೇಟಿಯಲ್ಲಿ, ಈ ಪ್ರಬಂಧ ಯಾವ ಪ್ರಶ್ನೆಗೆ ಉತ್ತರ ಹೇಳುತ್ತದೆಂದು ಕೇಳಿದೆ. ಅವರು ಶೀರ್ಷಿಕೆಯನ್ನೇ ಓದಿದರು. ಅದು ವಿಷಯದ ಹೆಸರೇ ಹೊರತು ಪ್ರಶ್ನೆಯಲ್ಲ, ಅಂಥ ಹೆಸರಿನಡಿ 71ರಲ್ಲಿ ಯಾವುದನ್ನೂ ಬಿಡುವಂತಿಲ್ಲ, ಇನ್ನೂ 700 ಬಂದರೂ ಬೇಡವೆನ್ನುವಂತಿಲ್ಲ ಎಂದು ವಿವರಿಸಿದೆ. ಆರೋಗ್ಯವೆಂದರೆ ಯಾವುದು, ಯುವಜನರೆಂದರೆ ಯಾರು, ಫೋನನ್ನು ಯಾವ ಹೊತ್ತಿನಲ್ಲಿ ಬಳಸುವುದು ಎಂದು ಒಂದೊಂದನ್ನೇ ಕಿರಿದು ಮಾಡುತ್ತ ಹೋದಾಗ, ಸುಮಾರು ನಲವತ್ತು ನಿಮಿಷಗಳ ನಂತರ ಅವರೇ ಒಂದು ವಾಕ್ಯ ಬರೆದರು: 'ಮಲಗುವ ಮುನ್ನ ಫೋನ್ ಬಳಸುವ ಕಾಲೇಜು ವಿದ್ಯಾರ್ಥಿಗಳು ತಡವಾಗಿ ನಿದ್ರೆ ಹೋಗುತ್ತಾರೆಂದು ಹೇಳುವ ಅಧ್ಯಯನಗಳು ಆ ಬಳಕೆಯನ್ನು ಹೇಗೆ ಅಳೆದಿವೆ?' ವಿದ್ಯಾರ್ಥಿಗಳು ನೆನಪಿನಿಂದ ಹೇಳಿದ ಲೆಕ್ಕವೂ ಫೋನಿನಲ್ಲೇ ದಾಖಲಾದ ಲೆಕ್ಕವೂ ಒಂದೇ ಆಗಿರಬೇಕಿಲ್ಲವಾದ್ದರಿಂದ ಇದು ನಿಜಕ್ಕೂ ಕೇಳಬೇಕಾದ ಪ್ರಶ್ನೆಯೇ ಆಗಿತ್ತು. ಅದನ್ನು ಎದುರಿಗಿಟ್ಟುಕೊಂಡು ಲೇಖನಗಳನ್ನು ಆರಿಸಿದಾಗ 14 ಉಳಿದವು. "ಓದಿದ್ದೆಲ್ಲ ವ್ಯರ್ಥವಾಯಿತಲ್ಲ, ಮೇಡಂ" ಎಂದರು. ವ್ಯರ್ಥವಾಗಿಲ್ಲವೆಂದು ನಾನು ಸಮಾಧಾನ ಹೇಳಲಿಲ್ಲ, ಸ್ವಲ್ಪ ಆಗಿತ್ತು.

ಅವರ ಟಿಪ್ಪಣಿ ಪುಸ್ತಕವನ್ನು ಕೇಳಿ ಪಡೆದು ನೋಡಿದೆ. ಮೂರು ಬಣ್ಣದ ಶಾಯಿಯಲ್ಲಿ ಮುದ್ದಾದ ಅಕ್ಷರ, ಪುಟಗಟ್ಟಲೆ ವಾಕ್ಯಗಳು, ಎಲ್ಲಿಯೂ ಪುಟಸಂಖ್ಯೆಯಿಲ್ಲ. ಒಂದು ವಾಕ್ಯದ ಮೇಲೆ ಬೆರಳಿಟ್ಟು ಇದು ನಿಮ್ಮದೋ ಲೇಖಕರದೋ ಎಂದು ಕೇಳಿದಾಗ ಬಹಳ ಹೊತ್ತು ನೋಡಿ, ಗೊತ್ತಾಗುತ್ತಿಲ್ಲವೆಂದರು. ಕೃತಿಚೌರ್ಯದ ಆರೋಪ ಹೊತ್ತು ನನ್ನಲ್ಲಿಗೆ ಬಂದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕದಿಯಲು ಹೊರಟವರಲ್ಲ, ಇಂಥ ಪುಸ್ತಕ ಇಟ್ಟುಕೊಂಡವರು. ಆದ್ದರಿಂದ ಒಂದು ಭಾಗ ಓದಿದ ಮೇಲೆ ಲೇಖನವನ್ನು ಮುಚ್ಚಿ, ತಿಳಿದದ್ದನ್ನು ಸ್ವಂತ ಮಾತಿನಲ್ಲಿ ಒಂದು ಕಾರ್ಡಿಗೆ ಬರೆದು, ಲೇಖಕ, ವರ್ಷ, ಪುಟ ಮೂರನ್ನೂ ಆಗಲೇ ನಮೂದಿಸಬೇಕೆಂದು, ಯಥಾವತ್ತಾಗಿ ಬರೆದುಕೊಳ್ಳುವ ಮಾತಿದ್ದರೆ ಆ ಕ್ಷಣವೇ ಉದ್ಧರಣ ಚಿಹ್ನೆ ಹಾಕಬೇಕೆಂದು ಸೂಚಿಸಿದೆ. ಕೃತಕ ಬುದ್ಧಿಮತ್ತೆಯ ಉಪಕರಣದಿಂದ ಪಡೆದ ನಾಲ್ಕು ಆಕರಗಳೂ ಪಟ್ಟಿಯಲ್ಲಿದ್ದವು. ಗ್ರಂಥಾಲಯದಲ್ಲಿ ಹುಡುಕಿಸಿದಾಗ ಅವುಗಳಲ್ಲಿ ಎರಡು ಎಲ್ಲಿಯೂ ಪ್ರಕಟವಾಗಿರಲೇ ಇಲ್ಲ.

ವೇಳಾಪಟ್ಟಿಯನ್ನು ಈ ಬಾರಿ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿದೆವು. ಮನುಷ್ಯರು ತಮ್ಮ ಕೆಲಸಕ್ಕೆ ತಗಲುವ ಕಾಲವನ್ನು ಕಡಿಮೆ ಅಂದಾಜಿಸುತ್ತಾರೆಂಬುದನ್ನು ಮನೋವಿಜ್ಞಾನಿಗಳಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ಗುರುತಿಸಿದ್ದರು. ಬ್ಯೂಲರ್, ಗ್ರಿಫಿನ್ ಮತ್ತು ರಾಸ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನ ಸಾಕೆಂದಿದ್ದರು, ಎಲ್ಲವೂ ಕೆಟ್ಟರೂ 49 ದಿನವೆಂದಿದ್ದರು. ತಗುಲಿದ್ದು 55ಕ್ಕೂ ಹೆಚ್ಚು. ಇದನ್ನು ಕೇಳಿ ಅವರ ಮುಖ ಸಡಿಲವಾಯಿತು, ಬಹುಶಃ ತಾನೊಬ್ಬಳೇ ಸೋಮಾರಿಯಲ್ಲವೆಂಬ ಕಾರಣಕ್ಕೆ. ಉಳಿದಿದ್ದ 28 ದಿನಗಳಲ್ಲಿ ಕೊನೆಯ ಐದನ್ನು ಖಾಲಿ ಬಿಟ್ಟು, ಅದಕ್ಕೆ ಮುಂಚಿನ ಆರನ್ನು ತಿದ್ದುಪಡಿಗೆ, ಹತ್ತನ್ನು ಕರಡಿಗೆ, ಮೊದಲ ಏಳನ್ನು ಕಾರ್ಡುಗಳಿಗೆ ಕೊಟ್ಟೆವು. 'ಎರಡು ಗಂಟೆ' ಎಂಬುದನ್ನು ತೆಗೆದುಹಾಕಿ, ಗ್ರಂಥಾಲಯ ತೆರೆದ ಕೂಡಲೇ ಕಿಟಕಿ ಪಕ್ಕದ ಮೇಜಿನಲ್ಲಿ ಕುಳಿತು ಎರಡು ಕಾರ್ಡಿನಿಂದ ಒಂದು ಪ್ಯಾರಾ, ಎಂದು ಬರೆದೆವು.

ಪೀಠಿಕೆಯನ್ನು ಕೊನೆಗಿಡಲು ಹೇಳಿದೆ. ಇನ್ನೂ ಇಲ್ಲದ ಪ್ರಬಂಧವನ್ನು ಪರಿಚಯಿಸಲು ಹೊರಟದ್ದರಿಂದಲೇ ಆ ಮೊದಲ ವಾಕ್ಯ ಅಷ್ಟು ಸಲ ಅಳಿಸಿಹೋಗಿತ್ತು. ನೆನಪಿನ ಲೆಕ್ಕವನ್ನು ನಂಬಿದ ಅಧ್ಯಯನಗಳ ಭಾಗ ಅವರಿಗೆ ಚೆನ್ನಾಗಿ ತಿಳಿದಿತ್ತು, ಅಲ್ಲಿಂದ ತೊಡಗಿದರು.

ಮಾರ್ಗದರ್ಶಕರನ್ನು ಆರು ವಾರಗಳಿಂದ ಭೇಟಿಯಾಗಿರಲಿಲ್ಲ; ತೋರಿಸಲು ಏನೂ ಇಲ್ಲದೆ ಹೇಗೆ ಹೋಗುವುದೆಂಬ ಅಂಜಿಕೆ. ನನ್ನೆದುರೇ ಎರಡು ಸಾಲಿನ ಇಮೇಲ್ ಬರೆದು, ಪ್ರಶ್ನೆಯನ್ನೂ ಒಂದು ಪುಟದ ರೂಪರೇಖೆಯನ್ನೂ ಲಗತ್ತಿಸಿ ಕಳುಹಿಸಿದರು. ಮರುದಿನ, ಪ್ರಶ್ನೆ ಚೆನ್ನಾಗಿದೆ, ಮೂರನೆಯ ಭಾಗ ಬೇಕಿಲ್ಲ ಎಂಬ ಉತ್ತರ ಬಂತು. ನಿದ್ರೆ ಇದೇ ರೀತಿ ಮುಂದುವರಿದರೆ ವೈದ್ಯರನ್ನು ಕಾಣಬೇಕೆಂದೂ ತಿಳಿಸಿದ್ದೆ.

ಕರಡು ಎರಡು ದಿನ ತಡವಾಗಿ ಮುಗಿದು, ಖಾಲಿಯಿಟ್ಟ ಐದು ದಿನಗಳಲ್ಲಿ ಮೂರು ಉಳಿದವು. ಪ್ರಬಂಧ ಒಪ್ಪಿಸಿದ ನಂತರ ಬಂದಾಗ, ಈಗ ಹನ್ನೆರಡಕ್ಕೆ ಮಲಗುತ್ತಿದ್ದೇನೆಂದರು. ಬಿಟ್ಟ 57 ಲೇಖನಗಳನ್ನು ಮಾತ್ರ ಇನ್ನೂ ಅಳಿಸಿರಲಿಲ್ಲ. ಅಳಿಸಿ ಎಂದು ನಾನೂ ಹೇಳಲಿಲ್ಲ.