ದಿನದ ಲೆಕ್ಕ ಬಿಡಿ, ವರ್ಷದ ಲೆಕ್ಕ ಹಾಕಿ ನೋಡಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗುವಿಗೆ ಹತ್ತು ತಿಂಗಳು. ಯಜಮಾನರು ಕುಮಟಾ ಕಡೆ ಬೋಟಿಗೆ ಹೋಗುತ್ತಾರೆ, ಆ ಒಂದೇ ದುಡಿಮೆಯಲ್ಲಿ ಮನೆ ನಡೆಯುತ್ತಿಲ್ಲ. ನಿಮಗೆ ಹೊಲಿಗೆ ಬರುತ್ತದೆ. ಮಗುವನ್ನು ಬಿಟ್ಟು ಹೊರಗೆ ಹೋಗಲು ಮನಸ್ಸಿಲ್ಲ, ಮನೆಯಲ್ಲೇ ಹೊಲಿಯಲು ಕೂತರೆ ಕೆಲಸ ಸಾಗುವುದಿಲ್ಲ. ‘ಬೇರೆ ತಾಯಂದಿರು ಎರಡನ್ನೂ ದಿನಾ ಹೇಗೆ ಸರಿದೂಗಿಸುತ್ತಾರೆ?’ ಅಂತ ಕೇಳಿದ್ದೀರಿ.

ನಾನು ಶಿರಸಿ ಹತ್ತಿರದ ಹಳ್ಳಿಯವಳು. ಹದಿನೆಂಟು ಗುಂಟೆ ಅಡಿಕೆ ತೋಟ ಇದೆ. ನಮ್ಮನೆಯವರು ಮದುವೆ, ಉಪನಯನದ ಅಡುಗೆ ಕೆಲಸಕ್ಕೆ ಹೋಗುತ್ತಾರೆ. ನಾನು ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುತ್ತೇನೆ. ಮಗಳು ಆರನೇ ತರಗತಿ, ಮಗ ಒಂದನೇ ತರಗತಿ. ಇಷ್ಟು ವರ್ಷದಲ್ಲಿ ಎರಡನ್ನೂ ದಿನಾ ಸರಿದೂಗಿಸಿದೆ ಅನ್ನುವ ಒಂದು ವಾರವೂ ನನಗೆ ನೆನಪಿಲ್ಲ. ಹಪ್ಪಳದ ದಿನ ಬೆಳಗಿನ ಅವಲಕ್ಕಿಯೇ ಮಕ್ಕಳಿಗೆ ಮಧ್ಯಾಹ್ನಕ್ಕೂ ಆಗಿದ್ದಿದೆ. ಮಗುವಿಗೆ ಜ್ವರ ಬಂದ ವಾರ ಒಂದು ರೂಪಾಯಿ ದುಡಿಮೆಯೂ ಆಗಿಲ್ಲ. ಆದರೂ ವರ್ಷದ ಕೊನೆಗೆ ತಿರುಗಿ ನೋಡಿದರೆ ಎರಡೂ ನಡೆದಿರುತ್ತವೆ. ನಮ್ಮ ಜಿಲ್ಲೆಯಲ್ಲಿ ಹೆಂಗಸರ ದುಡಿಮೆ ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಕಾಲ ನೋಡಿಕೊಂಡು ಬರುತ್ತದೆ.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಮಗಳಿಗೆ ಎಂಟು ತಿಂಗಳಾದಾಗ ಪೇಟೆಯ ಬಟ್ಟೆ ಅಂಗಡಿಯ ಕೆಲಸಕ್ಕೆ ವಾಪಸ್ ಹೋದೆ. ಮಧ್ಯಾಹ್ನದ ಹೊತ್ತಿಗೆ ಎದೆ ಕಟ್ಟಿಕೊಂಡು ಸೆರಗು ಒದ್ದೆಯಾಗುತ್ತಿತ್ತು. ಅರ್ಧ ದಿನ ರಜೆ ಕೇಳಿದರೆ ಪೂರ್ತಿ ದಿನದ್ದು ಹಿಡಿಯುತ್ತಿದ್ದರು. ಮೂರು ತಿಂಗಳಿಗೆ ಬಿಟ್ಟೆ. ಕಾನೂನು ಒಳ್ಳೆಯದೇ ಇದೆ. 2017ರಿಂದ ಮೊದಲ ಎರಡು ಹೆರಿಗೆಗೆ ತಲಾ 26 ವಾರ ಸಂಬಳದ ರಜೆ. 50 ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಆದರೆ ಅಂಗಡಿಯಲ್ಲಿ ಕನಿಷ್ಠ 10 ಜನ ಕೆಲಸಕ್ಕಿದ್ದರೆ ಮಾತ್ರ ಆ ರಜೆ ಲಾಗೂ. ನಮ್ಮ ಅಂಗಡಿಯಲ್ಲಿ ಇದ್ದವರು ನಾಲ್ಕೇ ಜನ. ನಮ್ಮ ಕಡೆ ಪೇಟೆ ಅಂಗಡಿಗಳಲ್ಲಿ ನಿಲ್ಲುವ ಹುಡುಗಿಯರಲ್ಲಿ ಎಷ್ಟು ಜನರಿಗೆ ಆ ರಜೆ ಸಿಗುತ್ತದೆ, ನೀವೇ ಯೋಚಿಸಿ.

ಮನೆಯಲ್ಲೇ ಏನಾದರೂ ಮಾಡೋಣ ಅಂತ ತೊಡೆದೇವು ಶುರು ಮಾಡಿದೆ, ಕಬ್ಬಿನ ಹಾಲಿನ ಹಿಟ್ಟಿನಲ್ಲಿ ಮಾಡುವ ಕಾಗದದಂಥ ತೆಳ್ಳಗಿನ ಸಿಹಿ ಅದು. ಆಲೆಮನೆ ಕಾಲ, ಕಬ್ಬಿನ ಹಾಲು ಸಿಗುತ್ತಿತ್ತು. ಬೋರಲು ಹಾಕಿದ ಮಡಕೆ ಕೆಳಗೆ ಬೆಂಕಿ, ಮೇಲೆ ಹಿಟ್ಟು ತೊಡೆಯುವುದು. ತೆಳ್ಳಗೆ ಏಳಬೇಕಾದರೆ ಕಣ್ಣು ಮಡಕೆ ಬಿಟ್ಟು ಆಚೆ ಹೋಗಬಾರದು. ಮಗಳಿಗೆ ಆಗ ಒಂದೂವರೆ ವರ್ಷ. ಹಿಂದಿನಿಂದ ಬಂದು ಅಂಗೈ ಇಟ್ಟುಬಿಟ್ಟಳು. ಗಾಯ ಮಾಯಿತು, ಕಲೆ ಉಳಿಯಲಿಲ್ಲ. ಆದರೆ ಆ ಕೂಗು ನನಗೆ ಇವತ್ತಿಗೂ ಕೇಳುತ್ತದೆ. ಮಗುವಿಗೆ ಮೂರು ವರ್ಷ ತುಂಬುವವರೆಗೆ ಬೆಂಕಿ, ಮೆಟ್ಟುಗತ್ತಿಯ ಕೆಲಸವನ್ನು ಮಗು ಎದ್ದಿರುವಾಗ ಮಾಡಬೇಡಿ. ಹೊಲಿಗೆಯಲ್ಲಿ ಕತ್ತರಿ, ಸೂಜಿ, ಇಸ್ತ್ರಿ ಪೆಟ್ಟಿಗೆಗೂ ಇದೇ ಮಾತು. ಇದನ್ನು ಕೈಮುಗಿದು ಹೇಳುತ್ತಿದ್ದೇನೆ.

ಆಮೇಲೆ ಹಿಡಿದದ್ದು ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವು. ಇದರ ಗುಣ ಏನೆಂದರೆ ಇದು ನಮಗಾಗಿ ಕಾಯುತ್ತದೆ. ಮಿಡಿ ತೊಳೆದು, ಆರಿಸಿ, ಭರಣಿಯಲ್ಲಿ ಉಪ್ಪಿನ ಜೊತೆ ಹಾಕಿಟ್ಟರೆ ಅದರ ಪಾಡಿಗೆ ಅದು ಚಿರುಟಿಕೊಳ್ಳುತ್ತಾ ಇರುತ್ತದೆ. ಸಾಸಿವೆ, ಮೆಣಸು ಬೀಸಿ ಹಾಕುವುದು ಈ ವಾರ ಆಗದಿದ್ದರೆ ಮುಂದಿನ ವಾರ. ಮಗು ಅತ್ತರೆ ಕೈ ತೊಳೆದು ಎದ್ದು ಹೋಗಬಹುದು. ಹಲಸಿನ ಹಪ್ಪಳ ಹಾಗಲ್ಲ. ತೊಳೆ ಬೇಯಿಸಿ ಕುಟ್ಟಿದ ಮೇಲೆ ಅವತ್ತೇ ಉಂಡೆ ಕಟ್ಟಿ ಒತ್ತಬೇಕು, ಬಿಸಿಲು ಇರಬೇಕು, ಮೋಡ ಬಂದರೆ ಓಡಬೇಕು. ಮಗು ಚಿಕ್ಕದಿರುವಾಗ ಕಾಯುವ ಕೆಲಸ ಹಿಡಿಯಿರಿ, ಓಡಿಸುವ ಕೆಲಸ ಬೇಡ. ಹೊಲಿಗೆಯಲ್ಲೂ ಇವೆರಡೂ ಇವೆ, ಅಲ್ವಾ? ನಾಳೆಯ ಮದುವೆಗೆ ಬೇಕು ಅನ್ನುವ ರವಿಕೆ ಓಡಿಸುತ್ತದೆ. ಸೀರೆಗೆ ಫಾಲ್ ಹಚ್ಚುವುದು, ಹಳೆ ಸೀರೆಯ ಕೌದಿ ಕಾಯುತ್ತವೆ.

ಇನ್ನೊಂದು ತಪ್ಪು ಹೇಳುತ್ತೇನೆ. 2017ರ ಬೇಸಿಗೆಯಲ್ಲಿ ಪಕ್ಕದ ಮನೆಯ ಅಕ್ಕನೂ ನಾನೂ ಸೇರಿ ಹಪ್ಪಳ ಮಾಡಿದೆವು. ದಿನಕ್ಕೆ 300 ಹಪ್ಪಳ. ನೂರಕ್ಕೆ 180 ರೂಪಾಯಿಯ ಹಾಗೆ 540 ಬರುತ್ತಿತ್ತು. ಖರ್ಚು ನೂರು ಕಳೆದು 440. ಖುಷಿಯೋ ಖುಷಿ. ಒಂದು ರಾತ್ರಿ ಸುಮ್ನೆ ಮಗಳ ಪಾಟಿಯಲ್ಲಿ ಲೆಕ್ಕ ಹಾಕಿದೆ. ಇಬ್ಬರೂ ಒಂಬತ್ತು ಒಂಬತ್ತು ಗಂಟೆ ದುಡಿದಿದ್ದೆವು. ಗಂಟೆಗೆ 24 ರೂಪಾಯಿ ಚಿಲ್ಲರೆ ಬಿತ್ತು. ತೋಟದ ಕೂಲಿಗೆ ಹೋದರೂ ಇದಕ್ಕಿಂತ ಜಾಸ್ತಿ ಸಿಗುತ್ತಿತ್ತು. ಹಲಸು ಹಿತ್ತಲದ್ದು, ಸೌದೆ ಮನೆಯದು, ಕೈ ನಮ್ಮದು, ಹಾಗಾಗಿ ಎಲ್ಲ ಪುಕ್ಕಟೆ ಅಂದುಕೊಂಡಿದ್ದೆವು. ಮಗುವಿನ ಹತ್ತಿರ ಕೂರಬಹುದಾಗಿದ್ದ ಒಂಬತ್ತು ಗಂಟೆ ಪುಕ್ಕಟೆ ಹೇಗಾಗುತ್ತದೆ? ಮರುವರ್ಷ ದರ ಏರಿಸಿದೆವು. ಇಬ್ಬರು ಗಿರಾಕಿ ಬಿಟ್ಟರು, ಉಳಿದವರು ಕೊಟ್ಟರು. ನೀವು ರವಿಕೆಗೆ ದರ ಹೇಳುವಾಗ ದಾರ, ಕರೆಂಟಿನ ಜೊತೆ ನಿಮ್ಮ ಗಂಟೆಯನ್ನೂ ಬರೆದುಕೊಳ್ಳಿ.

ಈಗ ನನ್ನ ವರ್ಷ ಹೀಗಿದೆ. ಬೇಸಿಗೆಯ ಶುರುವಿಗೆ ಮಿಡಿ. ಏಪ್ರಿಲ್, ಮೇ ಹಪ್ಪಳ, ಶಾಲೆಗೆ ರಜೆ ಇರುವುದರಿಂದ ಮಕ್ಕಳು ಜೊತೆಗೇ ಇರುತ್ತಾರೆ, ಕಾಗೆ ಓಡಿಸುತ್ತಾರೆ. ಮಳೆಗಾಲದಲ್ಲಿ ಮಕ್ಕಳಿಗೆ ಶೀತ, ಜ್ವರ ಜಾಸ್ತಿ, ಆಗ ಭರಣಿಯಲ್ಲಿದ್ದದ್ದನ್ನು ಮಾರುವುದು ಮಾತ್ರ. ಅಡಿಕೆ ಕೊಯ್ಲಿನ ಕಾಲಕ್ಕೆ ತೋಟ, ಸುಲಿಯುವ ಕೆಲಸ. ಕರಾವಳಿಯಲ್ಲೂ ಮೀನು ಮಾರುವ ಅಕ್ಕಂದಿರು ಹೀಗೇ ಅಲ್ಲವೇ, ಬೇಸಿಗೆಯಲ್ಲಿ ಮೀನು ಒಣಗಿಸಿಟ್ಟು ಮಳೆಗಾಲದಲ್ಲಿ ಮಾರುವುದು.

2 ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಆರ್ಡರ್ ಜೋರು. 2022ರಲ್ಲಿ ಬಂದದ್ದೆಲ್ಲ ಒಪ್ಪಿಕೊಂಡೆ. ದುಡ್ಡು ಚೆನ್ನಾಗಿ ಬಂತು. ಮಗಳನ್ನು ಜಾತ್ರೆಯ ದೊಡ್ಡ ತೊಟ್ಟಿಲಿಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ, ಆಗಲಿಲ್ಲ. ಅವಳು ಹಟ ಮಾಡಲಿಲ್ಲ, ‘ಆಯಿ, ಅಡ್ಡಿಲ್ಲೆ’ ಅಂದಳು. ಅದೇ ಚುಚ್ಚಿತು. 2024ರ ಜಾತ್ರೆಗೆ ಒಂದು ವಾರ ಮೊದಲೇ ಆರ್ಡರ್ ನಿಲ್ಲಿಸಿದೆ.

ಮಗುವನ್ನು ಯಾರು ಹಿಡಿಯುತ್ತಾರೆ ಅನ್ನುವುದೇ ದೊಡ್ಡ ಪ್ರಶ್ನೆ. ನನಗೆ ಅತ್ತೆ ಇದ್ದರು. ಅವರಿಗೂ ಮಂಡಿ ನೋವು, ಅವರಿಗೂ ಮಧ್ಯಾಹ್ನ ಮಲಗಬೇಕು. ಅಜ್ಜಿ ಅಂದಮೇಲೆ ನೋಡಿಕೊಳ್ಳುವುದು ಅವರ ಕೆಲಸ ಅಂತ ನಾವು ತಿಳಿದುಕೊಂಡುಬಿಡುತ್ತೇವೆ. ನಾನು ಗಳಿಸಿದ್ದರಲ್ಲಿ ಅವರ ಕೈಗೂ ಇಷ್ಟು ಅಂತ ಕೊಡುತ್ತೇನೆ. ಗೃಹಲಕ್ಷ್ಮಿಯ 2000 ರೂಪಾಯಿ ನಮ್ಮ ಮನೆಯಲ್ಲಿ ಅವರ ಹೆಸರಿಗೇ ಬರುತ್ತದೆ, ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರು. ಮೊದಲ ಕಂತಿನಲ್ಲಿ ನನಗೆ ಎರಡು ಭರಣಿ ತೆಗೆಸಿಕೊಟ್ಟರು.

ನಿಮಗೆ ಅತ್ತೆ, ಅಮ್ಮ ಹತ್ತಿರ ಇಲ್ಲದಿದ್ದರೆ ಪಂಚಾಯಿತಿಯಲ್ಲಿ ‘ಕೂಸಿನ ಮನೆ’, ಅಂದರೆ ದುಡಿಯುವ ತಾಯಂದಿರ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರ, ಇದೆಯೇ ಕೇಳಿ. ಅಂಗನವಾಡಿಗೆ ಮಗುವನ್ನು ದಿನವೆಲ್ಲ ಬಿಡಲು ಮೂರು ವರ್ಷ ತುಂಬಬೇಕು. ಅದಕ್ಕಿಂತ ಚಿಕ್ಕ ಮಕ್ಕಳಿಗಾಗಿಯೇ 4000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುತ್ತೇವೆ ಅಂತ ಸರ್ಕಾರ 2023ರಲ್ಲಿ ಹೇಳಿತ್ತು. ಪೂರ್ತಿ ದಿನ ಬಿಡಲು ಮನಸ್ಸಿಲ್ಲದಿದ್ದರೆ ಎರಡು ಗಂಟೆ ಬಿಟ್ಟು ನೋಡಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ನಮಗೆ ಪುಕ್ಕಟೆ ಆದ ಮೇಲೆ ನಾನು ಡಬ್ಬಿ ಕೊಡುವುದನ್ನೂ ಮಗನ ಚುಚ್ಚುಮದ್ದನ್ನೂ ಒಂದೇ ಓಡಾಟದಲ್ಲಿ ಮುಗಿಸುತ್ತಿದ್ದೆ. ಸ್ವಂತ ಹೆಸರಿನ ಬ್ಯಾಂಕ್ ಖಾತೆ ಮಾತ್ರ ಇವತ್ತೇ ತೆರೆಯಿರಿ.

ಇನ್ನು ನಿಮ್ಮ ವರ್ಷ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಯಜಮಾನರು ಮನೆಯಲ್ಲಿರುತ್ತಾರೆ, ಕೈಯಲ್ಲಿ ದುಡ್ಡಿರುವುದಿಲ್ಲ. ನೀವು ಅದನ್ನು ಕಷ್ಟದ ತಿಂಗಳು ಅಂತ ಬರೆದಿದ್ದೀರಿ. ಆದರೆ ಶಾಲೆ ಶುರುವಾಗುವುದೂ ಆಗಲೇ. ಯೂನಿಫಾರಂ ಹೊಲಿಗೆಗೆ ಟೈಲರ್ ಸಿಗದೆ ನಾವೇ ಅಲೆದಿದ್ದೇವೆ. ಮಗುವನ್ನು ಅವರು ಎತ್ತಿಕೊಳ್ಳಲಿ, ಸ್ನಾನ ಮಾಡಿಸಲಿ, ಗಂಜಿ ತಿನ್ನಿಸಲಿ. ‘ಸಹಾಯ ಮಾಡಿ’ ಅಂತ ಕೇಳಬೇಡಿ, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆವರೆಗೆ ಮಗು ನಿಮ್ಮದು ಅಂತ ಹೇಳಿ. ನಮ್ಮನೆಯವರಿಗೂ ಮಳೆಗಾಲದಲ್ಲಿ ಮದುವೆ ಅಡುಗೆ ಇರುವುದಿಲ್ಲ, ಮಗನನ್ನು ನಡೆಯಲು ಕಲಿಸಿದ್ದು ಅವರೇ.

ಏಪ್ರಿಲ್ ಮುಗಿಯುವುದರೊಳಗೆ ನಿಮ್ಮ ಕೇರಿಯ ಮನೆಗಳಲ್ಲಿ ಎಷ್ಟು ಮಕ್ಕಳಿಗೆ ಯೂನಿಫಾರಂ ಬೇಕು ಅಂತ ಕೇಳಿ ಬರೆದಿಡಿ. ಅಳತೆ ಮಾತ್ರ ಮೇ ಕೊನೆಗೆ ತೆಗೆಯಿರಿ, ರಜೆಯಲ್ಲಿ ಮಕ್ಕಳು ಉದ್ದ ಆಗಿಬಿಡುತ್ತಾರೆ.