ಕೆಲವು ಪ್ರಾಣಿಗಳಲ್ಲಿ ಗಂಡು-ಹೆಣ್ಣು ಮರಿಗಳ ಸಂಖ್ಯೆ ಏಕೆ ಸಮವಾಗಿರುವುದಿಲ್ಲ?

ಗಂಡು ವಿರಳವಾದಾಗ ಗಂಡು ಹೆತ್ತ ತಾಯಿಗೆ ಮೊಮ್ಮಕ್ಕಳು ಹೆಚ್ಚು. ಹೆಣ್ಣು ವಿರಳವಾದಾಗ ಹೆಣ್ಣು ಹೆತ್ತವಳಿಗೆ. ಹಾಗಾಗಿ ತಕ್ಕಡಿ ಸಾಮಾನ್ಯವಾಗಿ ಸಮಕ್ಕೆ ಬಂದು ನಿಲ್ಲುತ್ತದೆ. ಪೈಪೋಟಿ ಒಡಹುಟ್ಟಿದವರ ನಡುವೆಯೇ ನಡೆದರೆ ಈ ಲೆಕ್ಕ ಕೆಡುತ್ತದೆ.

ಅತ್ತಿ ಕಾಯಿಯ ಕಣಜವನ್ನೇ ನೋಡಿ. ಕಾಯಿಯ ಕಿರುಗಂಡಿಯಲ್ಲಿ ನುಸುಳುವಾಗಲೇ ತಾಯಿಯ ರೆಕ್ಕೆ ಮುರಿದುಬೀಳುತ್ತದೆ. ಒಳಗೆ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊದಲು ಹೊರಬರುವ ರೆಕ್ಕೆಯಿಲ್ಲದ ಗಂಡುಗಳು ಅದೇ ಕಾಯಿಯ ಹೆಣ್ಣುಗಳನ್ನು ಕೂಡಿ, ಅವು ಹಾರಿಹೋಗಲು ಸುರಂಗ ಕೊರೆದು ಸಾಯುತ್ತವೆ. ಒಬ್ಬಳೇ ತಾಯಿಯ ಸಂತಾನವಾದರೆ ಸೆಣಸುವವರು ಅಣ್ಣತಮ್ಮಂದಿರೇ. ಯಾವ ಮಗ ಗೆದ್ದರೂ ತಾಯಿಗೆ ಸಿಗುವ ಮೊಮ್ಮಕ್ಕಳು ಅಷ್ಟೇ! ಆದ್ದರಿಂದ ಹೆಣ್ಣುಗಳನ್ನು ಕೂಡಲು ಸಾಕಾಗುವಷ್ಟು ಗಂಡು, ಉಳಿದದ್ದೆಲ್ಲ ಹೆಣ್ಣು. ಕಣಜಗಳಲ್ಲಿ ಫಲಿತವಾಗದ ಮೊಟ್ಟೆ ಗಂಡಾಗುವುದರಿಂದ ಈ ಹತೋಟಿ ತಾಯಿಯ ಬಳಿಯೇ ಇದೆ.

1967ರಲ್ಲಿ ಬ್ರಿಟಿಷ್ ಜೀವವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್ ಇದಕ್ಕೆ ಸೂತ್ರ ಕೊಟ್ಟರು: ಒಂದೆಡೆ ಇಬ್ಬರು ತಾಯಂದಿರು ಮೊಟ್ಟೆಯಿಟ್ಟರೆ ಗಂಡುಗಳ ಪಾಲು ಶೇ. 25, ಐವರಾದರೆ ಶೇ. 40, ತುಂಬಾ ಮಂದಿಯಾದರೆ ಅರ್ಧದ ಹತ್ತಿರ. ಇಷ್ಟು ಚಿಕ್ಕ ಸೂತ್ರ ಇಷ್ಟನ್ನು ವಿವರಿಸುವುದು ನನಗೆ ಇಂದಿಗೂ ಬೆರಗು.

ಹೆಣ್ಣುಮಕ್ಕಳೇ ತಾಯಿಯ ನೆಲೆಯಲ್ಲಿ ಉಳಿದು ಆಹಾರಕ್ಕೆ ಪೈಪೋಟಿ ನಡೆಸುವ ಗ್ಯಾಲಗೋಗಳಂಥ (ಆಫ್ರಿಕಾದ ನಿಶಾಚರಿ ಪುಟ್ಟ ಪ್ರೈಮೇಟ್‌ಗಳು, ಅಂದರೆ ಕೋತಿಗಳ ದೂರದ ಸಂಬಂಧಿಗಳು) ಪ್ರಾಣಿಗಳಲ್ಲಿ ಇದು ತಿರುವುಮುರುವು. ಅಲ್ಲಿ ದೂರ ಹೋಗುವ ಗಂಡುಮರಿಗಳೇ ಹೆಚ್ಚು ಹುಟ್ಟುತ್ತವೆ.